ಮೀನುಮರಿ ಬಿಡುವ ಮೊದಲು ಹೊಂಡದೊಳಗೆ ಯಾರಿದ್ದಾರೆ ನೋಡಿ

ಹಿರೇಬೆಂಡಿಗೇರಿಯ ನಮ್ಮ ಹೊಲದಲ್ಲಿ ಎರಡು ಗುಂಟೆಯ ಮಣ್ಣಿನ ಹೊಂಡ ಇದೆ. ಮೊದಲ ವರ್ಷ 120 ಮರಿ ಬಿಟ್ಟೆ. ಬೇಸಿಗೆಗೆ ಬಲೆ ಎಳೆದರೆ ಸಿಕ್ಕಿದ್ದು ಒಂಬತ್ತು ಮೀನು, ಜೊತೆಗೆ ಮೊಳದುದ್ದದ ಎರಡು ಕೊರವ! ಹಳ್ಳದ ನೀರಿನ ಸಂಗಡ ಬಂದು ಸೇರಿದ್ದವು. "ನೀವು ಮೀನು ಸಾಕಿಲ್ರೀ, ಕೊರವಕ್ಕ ಊಟ ಹಾಕೀರಿ" ಅಂದರು ಬಲೆ ಹಾಕುವವರು.

ಆಮೇಲೆ ಕೇಳಿ, ಮಾಡಿ ಕಲಿತೆ. ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುನೀರಲ್ಲಿ, ಮೃಗಾಲ್ ತಳದಲ್ಲಿ. ಒಬ್ಬರ ತಾಟಿಗೆ ಇನ್ನೊಬ್ಬರು ಕೈ ಹಾಕೋದಿಲ್ಲ. ಹತ್ತು ಮರಿಗೆ 4 ಕಾಟ್ಲಾ, 3 ರೋಹು, 3 ಮೃಗಾಲ್. ಗುಂಟೆಗೆ 50 ಮರಿ ಸಾಕು. ಎಲ್ಲವೂ ಬೆರಳುದ್ದ, ಒಂದೇ ಅಳತೆಯವು ಇರಲಿ. ಸಾಮಾನ್ಯ ಗೆಂಡೆಯೂ ತಳದ್ದೇ. ಅದನ್ನು ಬಿಡುವುದಾದರೆ ಮೃಗಾಲ್ ಕಡಿಮೆ ಮಾಡಿ. ಬದು ಕೆದಕುವ ಚಟ ಅದಕ್ಕೆ, ನನಗಂತೂ ಬೇಡ. ನೀರಲ್ಲಿ ಕಳೆ ಇದ್ದರೆ ನಾಲ್ಕಾರು ಹುಲ್ಲುಗೆಂಡೆ ಬಿಡಬಹುದು. ತಿಲಾಪಿಯಾ ಹೊಂಡದಲ್ಲೇ ಮರಿ ಹಾಕಿ ಸಂತೆ ಮಾಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಉಳಿದವರನ್ನು ನುಂಗುತ್ತದೆ; ಅದನ್ನು ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವೂ ಇದೆ.

ಕೊರವ ಕೆಸರಲ್ಲೂ ಬದುಕುತ್ತದೆ. ಅದಕ್ಕೆ ಬೇಸಿಗೆಯಲ್ಲಿ ನೆಲ ಬಿರಿಯುವ ತನಕ ಹೊಂಡ ಒಣಗಿಸುತ್ತೇನೆ. ಒಣಗದಿದ್ದರೆ ಹಿಪ್ಪೆ ಹಿಂಡಿ ಹಾಕಬೇಕು: ಒಂದು ಮೀಟರ್ ನೀರಿಗೆ ಗುಂಟೆಗೆ 25 ಕಿಲೋ. ಮೂರು ವಾರ ಕಳೆದ ಮೇಲೆಯೇ ಮರಿ. ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದ್ದೇನೆ.

ಕಳೆದ ಸಲ 100 ಬಿಟ್ಟು 71 ಹಿಡಿದೆ.