ಹಲ್ಲು ಕಿಸಿದ ಮಾತ್ರಕ್ಕೆ ಚಕ್ಕಿ ಆಗುವುದಿಲ್ಲ

ಪ್ರಶ್ನೆ: ನನ್ನ ತಮ್ಮ ಬೆಳಗಾವ್ಯಾಗ ಇಂಜಿನಿಯರಿಂಗ್ ಓದಾಕತ್ತಾನ. ದೆವ್ವದ ಸಿನಿಮಾ ಅಂದ್ರ ಊಟಾ ಬಿಟ್ಟು ನೋಡ್ತಾನ. ಈ ಸಲ ಹುಟ್ಟಿದ ಹಬ್ಬಕ್ಕ ಅಂವಗ ‘ಚಕ್ಕಿ’ ಗೊಂಬಿ ಕೊಡಬೇಕಂತ ಮಾಡೇನಿ. ಆನ್‌ಲೈನಿನ್ಯಾಗ ಒಂದು ಕಡೆ 700 ರೂಪಾಯಿಗೆ ಐತಿ, ಇನ್ನೊಂದು ಕಡೆ ಅದ ಗೊಂಬಿ 6,500. ಫೋಟೊದಾಗ ಎರಡೂ ಒಂದ ಥರ ಕಾಣತಾವು. ಪ್ಯಾಟ್ಯಾಗ ಒಬ್ಬ ಅಂಗಡಿಯವರು ‘ಫಸ್ಟ್ ಕಾಪಿ ತರಿಸಿಕೊಡ್ತೀನಿ, ಯಾರಿಗೂ ಗೊತ್ತಾಗೂದಿಲ್ಲ’ ಅಂದ್ರು. ಛಲೋ ಗೊಂಬಿ ಯಾವುದು ಅಂತ ಹೆಂಗ ಗುರುತು ಹಿಡಿಯೋದ್ರಿ? ನಮ್ಮವ್ವ ಬ್ಯಾರೆ, ‘ಮನ್ಯಾಗ ಅಂಥಾದ್ದೆಲ್ಲಾ ಇಡಬ್ಯಾಡ’ ಅಂತಾಳ.
— ಓದುಗರೊಬ್ಬರು, ಖಾನಾಪುರ

ಉತ್ತರ: ಆ ಅಂಗಡಿಯವರು ಹೇಳಿದ್ದು ಮುಕ್ಕಾಲು ನಿಜ. ಫಸ್ಟ್ ಕಾಪಿ ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ, ನನಗೂ ದೂರದಿಂದ ಗೊತ್ತಾಗಲಿಕ್ಕಿಲ್ಲ. ಗೊತ್ತಾಗುವುದು ನಿಮ್ಮ ತಮ್ಮನಿಗೆ. ಊಟ ಬಿಟ್ಟು ಸಿನಿಮಾ ನೋಡುವವನಿಗೆ ಡಬ್ಬಿ ಬಿಚ್ಚಿದ ಕೂಡಲೇ ತಿಳಿಯುತ್ತದೆ. ಅಕ್ಕ ಕೊಟ್ಟದ್ದೋ ಅಣ್ಣ ಕೊಟ್ಟದ್ದೋ, ಅಂತೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೆ.

ಹಾಗಾಗಿ ಮೊದಲು ಉಪಾಯವಾಗಿ ಅವನಿಂದ ಒಂದು ವಿಷಯ ತಿಳಿದುಕೊಳ್ಳಿ: ಅವನಿಗೆ ಇಷ್ಟ ಯಾವ ಚಕ್ಕಿ? ಚಕ್ಕಿ ಮೊದಲು ಕಾಣಿಸಿಕೊಂಡ ಸಿನಿಮಾ ‘ಚೈಲ್ಡ್ಸ್ ಪ್ಲೇ’ ಬಂದದ್ದು 1988ರಲ್ಲಿ. ಆ ಗೊಂಬೆಯನ್ನು ತಯಾರಿಸಿದವರು ಕೆವಿನ್ ಯೇಗರ್, ಧ್ವನಿ ಕೊಟ್ಟವರು ಬ್ರ್ಯಾಡ್ ಡೂರಿಫ್. ಮೊದಲ ಚಿತ್ರದಲ್ಲಿ ಚಕ್ಕಿಯ ಮುಖ ಒಂದೇ ಅಲ್ಲ. ಆರಂಭದಲ್ಲಿ ಅದು ಅಂಗಡಿಯ ಮುದ್ದು ಗೊಂಬೆ; ಕಥೆ ಮುಂದುವರಿದಂತೆ ಮನುಷ್ಯನ ಕಳೆ ಬರುತ್ತ ಹೋಗಿ, ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಯುತ್ತದೆ. 1998ರ ‘ಬ್ರೈಡ್ ಆಫ್ ಚಕ್ಕಿ’ಯಲ್ಲಿ ಮುಖದ ತುಂಬ ಹೊಲಿಗೆ. 2019ರಲ್ಲಿ ಬೇರೆಯವರು ಮತ್ತೆ ಮಾಡಿದ ಚಿತ್ರದ ಗೊಂಬೆಯ ಮುಖವೇ ಬೇರೆ, ಧ್ವನಿಯೂ ಬೇರೆ. ಹಳೆಯ ಅಭಿಮಾನಿಗಳಲ್ಲಿ ಹಲವರು ಅದನ್ನು ಚಕ್ಕಿ ಎಂದು ಒಪ್ಪುವುದೇ ಇಲ್ಲ. ನಕಲಿ ಮಾಡುವವರು ಎಡವುವುದು ಇಲ್ಲಿಯೇ. ಹೊಲಿಗೆ ಹಾಕಿದ ಮುಖಕ್ಕೆ ಮೊದಲ ಚಿತ್ರದ ದಟ್ಟ ಕೂದಲು ಅಂಟಿಸಿ, ಕೈಗೊಂದು ಚೂರಿ ಕೊಟ್ಟು ಕಳಿಸುತ್ತಾರೆ. ಯಾವ ಚಿತ್ರದ ಯಾವ ದೃಶ್ಯದ ಗೊಂಬೆ ಎಂದು ಬೆರಳಿಟ್ಟು ಹೇಳಲು ಬಾರದ್ದು ಸಂಗ್ರಹಕ್ಕೆ ಯೋಗ್ಯವಲ್ಲ, ಬಣ್ಣ ಎಷ್ಟೇ ಹೊಳೆಯಲಿ.

ಇನ್ನು ಬಹಳ ಜನ ತಪ್ಪು ತಿಳಿಯುವ ಸಂಗತಿ. ಹೆಚ್ಚು ಹೆದರಿಸುವ ಗೊಂಬೆಯೇ ಹೆಚ್ಚು ಒಳ್ಳೆಯದು ಎಂದುಕೊಳ್ಳುತ್ತಾರೆ. ನನ್ನ ಲೆಕ್ಕ ಇದಕ್ಕೆ ತಿರುಗುಮುರುಗು. ಕಟ್ಟುತ್ತಿರುವ ಮನೆಯ ಮುಂದೆ ತೂಗುಹಾಕುವ ದೃಷ್ಟಿಗೊಂಬೆಯನ್ನು, ಡಿಸೆಂಬರ್ 31ರ ರಾತ್ರಿ ಬೆಳಗಾವಿಯ ಕ್ಯಾಂಪಿನಲ್ಲಿ ಸುಡುವ ‘ಓಲ್ಡ್ ಮ್ಯಾನ್’ನನ್ನು ಜನ ನೋಡುವುದು ರಸ್ತೆಯ ಆಚೆಯಿಂದ. ಅವಕ್ಕೆ ದೊಡ್ಡ ಹಲ್ಲು, ಗುಡ್ಡೆಗಣ್ಣು ಸಾಕು. ಸಿನಿಮಾದ ಗೊಂಬೆಯನ್ನು ಕ್ಯಾಮೆರಾ ನೋಡುವುದು ಗೇಣು ದೂರದಿಂದ. 1980ರ ದಶಕದಲ್ಲಿ ಅಮೆರಿಕದ ತಾಯ್ತಂದೆಯರು ಅಂಗಡಿಗೆ ಮುಗಿಬಿದ್ದು ಕೊಂಡ ಕ್ಯಾಬೇಜ್ ಪ್ಯಾಚ್ ಗೊಂಬೆಗಳ ಹುಚ್ಚನ್ನು ಕಂಡು ಡಾನ್ ಮ್ಯಾನ್ಸಿನಿ ಹೆಣೆದ ಕಥೆ ಚಕ್ಕಿಯದು. ಚಕ್ಕಿ ಮೊದಲು ಯಾವ ತಾಯಿಯಾದರೂ ಮಗುವಿಗೆ ಕೊಡಿಸುವಂಥ ಗೊಂಬೆಯಾಗಿ ಕಾಣಬೇಕು: ಕೆಂಚು ಕೂದಲು, ನೀಲಿ ಕಣ್ಣು, ಮೂಗಿನ ಆಚೀಚೆ ಕಂದು ಚುಕ್ಕೆ, ಪಟ್ಟೆ ಅಂಗಿಯ ಮೇಲೆ ನೀಲಿ ಡಂಗ್ರಿ. ಆ ಮುದ್ದಿನೊಳಗಿಂದ ಬಂದರಷ್ಟೇ ಅದು ಭಯ. ಮೈತುಂಬ ಕೆಂಪು ಬಣ್ಣ ಎರಚಿದ ಗೊಂಬೆ ಕಂಡರೆ ನನಗೆ ಮೊದಲು ಬರುವ ಅನುಮಾನ, ಆ ರಕ್ತದ ಅಡಿಯಲ್ಲಿ ಯಾವ ಕೆಲಸಗಳ್ಳತನ ಮುಚ್ಚಿಟ್ಟಿದ್ದಾರೆ ಎಂದು.

ಮುಖದಲ್ಲಿ ಕಣ್ಣೇ ಮುಖ್ಯ. ಚೌತಿಗೆ ಮುಂಚೆ ಬೆಳಗಾವಿಯ ಯಾವುದಾದರೂ ಗಣಪತಿ ಮಾಡುವ ಶೆಡ್ಡಿಗೆ ಹೋಗಿ ನಿಂತರೆ ಇದು ಯಾರೂ ಹೇಳದೆಯೇ ತಿಳಿಯುತ್ತದೆ. ಮೈಗೆ ಬಣ್ಣ ಹೊಡೆಯುವುದು ಹುಡುಗರು, ಆಭರಣಕ್ಕೆ ಚಿನ್ನದ ಬಣ್ಣ ಹಚ್ಚುವುದು ಇನ್ನೊಬ್ಬರು. ಕಣ್ಣು ಬರೆಯುವ ಕುಂಚ ಮಾತ್ರ ಪಳಗಿದ ಕೈಯಲ್ಲೇ ಇರುತ್ತದೆ. ಆ ಕೈ ಮಾಡಿದ್ದನ್ನೇ ಇಲ್ಲಿಯೂ ಹುಡುಕಬೇಕು. ಗೊಂಬೆಯನ್ನು ತೋಳಿನಳತೆಯ ದೂರದಲ್ಲಿ ಹಿಡಿಯಿರಿ. ಎರಡೂ ಕಣ್ಣು ಒಂದೇ ಕಡೆ ನೋಡುತ್ತಿವೆಯೇ? ಒಂದು ನಿಮ್ಮನ್ನೂ ಇನ್ನೊಂದು ಗೋಡೆಯನ್ನೂ ನೋಡುತ್ತಿದ್ದರೆ ಅದು ದೆವ್ವದ ಗೊಂಬೆಯಲ್ಲ, ಮೆಳ್ಳಗಣ್ಣಿನ ಗೊಂಬೆ. ಕಣ್ಣ ಪಾಪೆಯ ಮೇಲೆ ಬೆಳಕಿನ ಹೊಳಪಿಗೆಂದು ಒಂದು ಬಿಳಿ ಚುಕ್ಕೆ ಇಟ್ಟಿರುತ್ತಾರೆ. ಅದು ಎರಡು ಕಣ್ಣಿನಲ್ಲೂ ಒಂದೇ ಬದಿಗೆ ಇರಬೇಕು, ಏಕೆಂದರೆ ಬೆಳಕು ಬರುವುದು ಒಂದೇ ಕಡೆಯಿಂದ. ಎಡಗಣ್ಣಿನಲ್ಲಿ ಎಡಕ್ಕೆ, ಬಲಗಣ್ಣಿನಲ್ಲಿ ಬಲಕ್ಕೆ ಇದ್ದರೆ ಯಾರೋ ಒಂದೇ ಕಣ್ಣಿನ ಅಚ್ಚನ್ನು ತಿರುವಿ ಹಾಕಿದ್ದಾರೆ ಎಂದರ್ಥ. ಆಮೇಲೆ ಹಲ್ಲು. ತುಟಿಯ ಕೆಂಪು ಹಲ್ಲಿನ ಮೇಲೆ ಹರಿದಿದ್ದರೆ, ಹಲ್ಲಿನ ಬಿಳಿ ಒಸಡಿಗೆ ಮೆತ್ತಿದ್ದರೆ, ಅಲ್ಲಿಗೇ ಕೆಳಗಿಡಿ.

ಬಣ್ಣಕ್ಕಿಂತ ಆಳದ ಪರೀಕ್ಷೆ ಅಚ್ಚಿನದು. ಇದಕ್ಕೆ ನೀವು ಖಾನಾಪುರ ಬಿಟ್ಟು ಹೋಗಬೇಕಿಲ್ಲ. ನಿಮ್ಮೂರಿನ ಮಣ್ಣು ಗಡಿಗೆಗೂ ಹೆಂಚಿಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲೇ ಇದೆ. ಅಚ್ಚಿನಲ್ಲಿ ಒತ್ತಿದ ಮಣ್ಣು ಒಣಗಿ ಕುಗ್ಗುತ್ತದೆ, ಸುಟ್ಟಾಗ ಇನ್ನಷ್ಟು ಕುಗ್ಗುತ್ತದೆ ಎಂದು ಯಾವ ಕುಂಬಾರರನ್ನು ಕೇಳಿದರೂ ಹೇಳುತ್ತಾರೆ. ಹೊರಬಂದ ಗೊಂಬೆಯ ಮೇಲೆ ಮತ್ತೊಂದು ಅಚ್ಚು ತೆಗೆದು ಒತ್ತಿದರೆ ಎರಡನೆಯದು ಮತ್ತಷ್ಟು ಸಣ್ಣದು, ಗೆರೆಗಳು ಮತ್ತಷ್ಟು ಮೊಂಡು. ಪ್ಲಾಸ್ಟಿಕ್ಕು, ರೆಸಿನ್ನು ಮಣ್ಣಿನಷ್ಟು ಕುಗ್ಗುವುದಿಲ್ಲ, ಆದರೆ ಕುಗ್ಗದೆಯೂ ಇರುವುದಿಲ್ಲ. ಫಸ್ಟ್ ಕಾಪಿ ಎನ್ನುವುದು ಬಹಳ ಸಲ ಹೀಗೆ ಹುಟ್ಟಿದ್ದು: ಅಸಲಿ ಗೊಂಬೆ ಒಂದನ್ನು ಕೊಂಡು ಅದರ ಮೇಲೆಯೇ ಅಚ್ಚು ತೆಗೆಯುತ್ತಾರೆ. ಆದ್ದರಿಂದ ನೋಡಬೇಕಾದದ್ದು ದೊಡ್ಡ ಆಕಾರವನ್ನಲ್ಲ, ಸಣ್ಣ ಅಂಚುಗಳನ್ನು. ಉಗುರಿಗೆ ಅಂಚು ಇದೆಯೇ, ಬೆರಳುಗಳ ನಡುವೆ ಸಂದು ಬಿಟ್ಟಿದೆಯೇ ಅಥವಾ ಕೈ ಬರೀ ಉಂಡೆಯೇ? ಶೂ ಲೇಸಿನ ಗಂಟು ಗಂಟಾಗಿದೆಯೇ, ಮುದ್ದೆಯಾಗಿದೆಯೇ? ಕಿವಿಯೊಳಗಿನ ಸುರುಳಿ? ಮುಖದ ಹೊಲಿಗೆಯಾದರೆ ದಾರ ಚರ್ಮದ ಒಳಹೊಕ್ಕು ಹೊರಬಂದಂತೆ ಕಾಣಬೇಕು. ಮೇಲೆ ಗೆರೆ ಎಳೆದಂತಲ್ಲ. ಬೆರಳಿನ ಉಗುರನ್ನು ಕಿವಿಯ ಹಿಂದಿನಿಂದ ಕುತ್ತಿಗೆಯವರೆಗೆ ಮೆಲ್ಲಗೆ ಎಳೆಯಿರಿ. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಅಲ್ಲಿ ತಡೆಯುತ್ತದೆ. ಒಳ್ಳೆಯ ತಯಾರಕರು ಅದನ್ನು ಉಜ್ಜಿ ತೆಗೆದಿರುತ್ತಾರೆ, ಇಲ್ಲವೇ ಬಟ್ಟೆಯ ಮರೆಯಲ್ಲಿ, ಕೂದಲಿನ ಅಡಿಯಲ್ಲಿ ಬರುವಂತೆ ಅಚ್ಚನ್ನೇ ಹಾಗೆ ಸೀಳಿರುತ್ತಾರೆ.

ಕೂದಲು ನೆಟ್ಟದ್ದೋ ಅಂಟಿಸಿದ್ದೋ ಎಂದು ಬೈತಲೆ ಬಿಡಿಸಿ ನೋಡಿ. ಅಂಗಿಯ ಪಟ್ಟೆ ಪಕ್ಕದ ಹೊಲಿಗೆಯಲ್ಲಿ ಒಂದಕ್ಕೊಂದು ಕೂಡಿರಬೇಕು; ಎದೆಯ ಮೇಲಿನ ‘ಗುಡ್ ಗಯ್ಸ್’ (ಸಿನಿಮಾದೊಳಗೆ ಆ ಗೊಂಬೆಯ ಬ್ರ್ಯಾಂಡ್) ಅಕ್ಷರಗಳ ಅಂಚು ಚೂಪಾಗಿರಬೇಕು. ನಕಲಿಯಲ್ಲಿ ಆ ಕಾಗುಣಿತವೇ ತಪ್ಪಿದ ಉದಾಹರಣೆಗಳಿವೆ. ಕೀಲುಗಳು ಎತ್ತಿದ ಕೈಯನ್ನು ಎತ್ತಿದಲ್ಲೇ ಹಿಡಿದಿಡಬೇಕು. ಬಣ್ಣ ಅಂಟಿ ಕೀಲು ಬಿಗಿದಿದ್ದರೆ ಜಗ್ಗಬೇಡಿ, ಹೇರ್ ಡ್ರೈಯರಿನ ಬಿಸಿ ಗಾಳಿ ತಾಗಿಸಿದರೆ ಸಡಿಲಾಗುತ್ತದೆ. ಡಬ್ಬಿಯೊಳಗೆ ಕಾಲು ಸೊಟ್ಟಗಾಗಿದ್ದರೆ ಅದು ದೊಡ್ಡ ದೋಷವಲ್ಲ. ಬಿಸಿನೀರಿನಲ್ಲಿ (ಕುದಿಯುವ ನೀರಲ್ಲ) ತುಸು ಹೊತ್ತು ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿನಲ್ಲಿ ಹಿಡಿದರೆ ಪಿವಿಸಿ ಹಾಗೇ ನಿಲ್ಲುತ್ತದೆ.

ಬೆನ್ನಿಗೆ ಗುಂಡಿ ಇದ್ದು ಮಾತಾಡುವ ಗೊಂಬೆಯಾದರೆ ಬ್ಯಾಟರಿ ಮುಚ್ಚಳ ತೆಗೆಸಿ ನೋಡಲು ಮರೆಯಬೇಡಿ. ಹಳೆಯ ದಾಸ್ತಾನಿನಲ್ಲಿ ಬ್ಯಾಟರಿ ಸೋರಿ ಪಟ್ಟಿ ಹಸಿರುಗಟ್ಟಿರುತ್ತದೆ. ಮೊದಲ ಚಿತ್ರದಲ್ಲಿ ತಾಯಿಗೆ ಗೊಂಬೆಯ ನಿಜ ತಿಳಿಯುವುದೂ ಇದೇ ಮುಚ್ಚಳದಿಂದ: ಬ್ಯಾಟರಿಗಳು ಡಬ್ಬಿಯಲ್ಲೇ ಉಳಿದಿವೆ, ಗೊಂಬೆ ಮಾತ್ರ ಇಷ್ಟು ದಿನ ಮಾತಾಡಿಕೊಂಡೇ ಬಂದಿದೆ! ನಿಮ್ಮದು ಬ್ಯಾಟರಿ ಹಾಕಿದ ಮೇಲೆಯೇ ಮಾತಾಡಲಿ.

ಗಾತ್ರದ ವಿಷಯದಲ್ಲಿ ಮೋಸವಿಲ್ಲದೆಯೂ ಮೋಸಹೋಗುವವರಿದ್ದಾರೆ. ನೆಕಾ ಕಂಪನಿಯ ಚಕ್ಕಿಯನ್ನು ‘7 ಇಂಚಿನ ಅಳತೆ’ ಎಂದು ಮಾರುತ್ತಾರೆ. ಕೈಗೆ ಬಂದದ್ದು ಸುಮಾರು 4 ಇಂಚು. ಆ ಸಾಲಿನಲ್ಲಿ ವಯಸ್ಕ ಮನುಷ್ಯ 7 ಇಂಚು, ಅವನಿಗಿಂತ ಗಿಡ್ಡನಾದ ಚಕ್ಕಿ 4 ಇಂಚು. ಮೋಸವೇನಿಲ್ಲ. ಮೆಜ್ಕೊದವರ ಮಾತಾಡುವ ಚಕ್ಕಿ 15 ಇಂಚು. ಟ್ರಿಕ್ ಆರ್ ಟ್ರೀಟ್ ಸ್ಟುಡಿಯೋಸ್ ಮಾಡಿದ, ಸಿನಿಮಾದಲ್ಲಿದ್ದಷ್ಟೇ ದೊಡ್ಡ ಗೊಂಬೆ ಎರಡೂವರೆ ಅಡಿ. ದೀಪಾವಳಿಗೆ ಬೆಳಗಾವಿಯ ಗಲ್ಲಿಗಳಲ್ಲಿ ಹುಡುಗರು ಕಟ್ಟುವ ಕಿಲ್ಲೆಯಲ್ಲಿ ಶಿವಾಜಿ ಮಹಾರಾಜರು ಕೋಟೆಯ ಬಾಗಿಲಿಗಿಂತ ಎತ್ತರ ಕೂತಿದ್ದರೂ ಯಾರೂ ತಕರಾರು ಮಾಡುವುದಿಲ್ಲ. ಗೊಂಬೆ ಕೂಡಿಡುವವರು ಅಷ್ಟು ಉದಾರಿಗಳಲ್ಲ. ತಮ್ಮನ ಕಪಾಟಿನಲ್ಲಿ ಈಗಾಗಲೇ ಯಾವ ಅಳತೆಯವು ನಿಂತಿವೆ ಎಂದು ನೋಡಿಕೊಳ್ಳಿ.

ಈಗ 700 ಮತ್ತು 6,500ರ ಮಾತು. ನಾಲ್ಕಿಂಚಿನ ಅಸಲಿ ಗೊಂಬೆಗೆ ಅಮೆರಿಕದಲ್ಲೇ ಸುಮಾರು 30 ಡಾಲರ್ ಇದೆ. ಹೊರದೇಶದ ಆಟಿಕೆಗಳ ಮೇಲಿನ ಸುಂಕವನ್ನು ನಮ್ಮ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಮೇಲೆ ಸಾಗಾಣಿಕೆ, ಅಂಗಡಿಯವರ ಲಾಭ. ಹೀಗಿರುವಾಗ ಅಸಲಿ ಗೊಂಬೆ 700ಕ್ಕೆ ಮನೆಬಾಗಿಲಿಗೆ ಬರುವ ದಾರಿಯೇ ಇಲ್ಲ. ಹಾಗೆಂದು 6,500 ಎಂದ ಕೂಡಲೇ ಅಸಲಿ ಎಂದೂ ನಂಬಬೇಡಿ. ನಕಲಿ ಮಾರುವವರಿಗೂ ಈ ಲೆಕ್ಕ ಬರುತ್ತದೆ. ಪಾದದಡಿಯಲ್ಲೋ ಕುತ್ತಿಗೆಯ ಹಿಂದೆಯೋ ತಯಾರಕರ ಗುರುತು, ಡಬ್ಬಿಯ ಮೇಲೆ ಹಕ್ಕುಸ್ವಾಮ್ಯದ ಸಾಲು ಇರಬೇಕು. ಮೊದಲ ಚಿತ್ರ ಯುನೈಟೆಡ್ ಆರ್ಟಿಸ್ಟ್ಸ್‌ನದು, ಎರಡನೆಯದರಿಂದ ಯುನಿವರ್ಸಲ್‌ನದು. ಡಬ್ಬಿಯ ಮೇಲಿನ ಚಿತ್ರ ಒಂದು ಕಂಪನಿಯದು, ಕೆಳಗಿನ ಸಾಲು ಇನ್ನೊಂದರದು ಆದರೆ ಪ್ರಶ್ನೆ ಕೇಳಿ.

ಐಎಸ್‌ಐ ಗುರುತು ಇಲ್ಲವಲ್ಲ ಎಂದು ಗಾಬರಿಯಾಗಬೇಡಿ. 2021ರ ಜನವರಿ 1ರಿಂದ ಆ ಗುರುತು ಕಡ್ಡಾಯವಾಗಿರುವುದು 14 ವರ್ಷದೊಳಗಿನ ಮಕ್ಕಳ ಆಟಿಕೆಗೆ. ಇವು ದೊಡ್ಡವರ ಸಂಗ್ರಹಕ್ಕೆಂದೇ ಡಬ್ಬಿಯ ಮೇಲೆ ವಯಸ್ಸು ಬರೆದುಕೊಂಡು ಬರುತ್ತವೆ. ಆದರೆ ಇಂಥದ್ದನ್ನೇ ‘ಮಕ್ಕಳ ಗೊಂಬೆ’ ಎಂದು ಗುರುತಿಲ್ಲದೆ ಮಾರುತ್ತಿದ್ದರೆ ಆ ಅಂಗಡಿಯಲ್ಲಿ ಬೇರೇನನ್ನೂ ಕೊಳ್ಳದಿರುವುದು ಲೇಸು. ಡಬ್ಬಿ ತೆಗೆದೊಡನೆ ತಲೆ ಹಿಡಿಯುವಂಥ ವಾಸನೆ, ಮುಟ್ಟಿದರೆ ಬೆರಳಿಗೆ ಅಂಟುವ ಮೈ, ಇವು ಅಗ್ಗದ ಪ್ಲಾಸ್ಟಿಕ್ಕಿನ ಲಕ್ಷಣ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅದನ್ನು ಒಳಗೆ ತರಲೇಬೇಡಿ.

ತಮ್ಮನ ಮನಸ್ಸು ಚಕ್ಕಿಯಿಂದ ಅನಾಬೆಲ್ ಎಂಬ ಇನ್ನೊಂದು ದೆವ್ವದ ಸಿನಿಮಾದ ಗೊಂಬೆಯ ಕಡೆ ತಿರುಗಿ, ಪಿಂಗಾಣಿ ತಲೆಯ ಗೊಂಬೆ ಬೇಕೆಂದರೆ ಆ ಪರೀಕ್ಷೆ ನಿಮ್ಮ ಅವ್ವನಿಗೇ ಗೊತ್ತು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗಿಣ್ಣಿನಿಂದ ಬಡಿದು ನೋಡುತ್ತಾರಲ್ಲ, ಹಾಗೆಯೇ ಉಗುರಿನಿಂದ ಮೆಲ್ಲಗೆ ತಟ್ಟಬೇಕು. ಟಣ್ ಎಂದರೆ ಸರಿ, ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ತಲೆಯೊಳಗೆ ಸಣ್ಣ ಟಾರ್ಚ್ ಬಿಟ್ಟರೆ ಕೂದಲೆಳೆಯಂಥ ಬಿರುಕೂ ಬೆಳಕಿನಲ್ಲಿ ಕಾಣುತ್ತದೆ.

ಅವ್ವನ ಆತಂಕಕ್ಕೆ ನನ್ನಲ್ಲಿ ಮದ್ದಿಲ್ಲ. ಬೇಕಾದರೆ ಇದನ್ನು ಹೇಳಿ ನೋಡಿ: ದೆವ್ವ ಹಿಡಿದದ್ದೆಂದು ಅಮೆರಿಕದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ನಿಜವಾದ ಅನಾಬೆಲ್ ನೋಡಲು ಸಾಧುವಾದ ಚಿಂದಿಬಟ್ಟೆಯ ಗೊಂಬೆ. ಅದು ಯಾರನ್ನೂ ಹೆದರಿಸಲಾರದೆಂದೋ ಏನೋ, 2013ರ ‘ದ ಕಾಂಜ್ಯೂರಿಂಗ್’ ಮಾಡಿದವರು ಬೇರೆ ಮುಖವನ್ನೇ ಮಾಡಿಸಿಕೊಂಡರು. ಹಿಂದಿಯವರಂತೂ 1996ರಲ್ಲಿ ಚಕ್ಕಿಯ ಕಥೆಯನ್ನೇ ‘ಪಾಪಿ ಗುಡಿಯಾ’ ಮಾಡಿ ಕರಿಷ್ಮಾ ಕಪೂರ್ ಕೈಗೆ ಕೊಟ್ಟರು. ಅದನ್ನು ಮನೆಮಂದಿಯೆಲ್ಲ ಕೂಡಿ ನೋಡಿದರೆ ಅವ್ವನ ಭಯ ನಗೆಯಾಗಬಹುದು.

6,500 ಕೇಳಿದವರಿಗೆ ಇವತ್ತೇ ಬರೆಯಿರಿ: ಮುಖದ ಎದುರಿನ ಫೋಟೊ ಬೇಡ, ಅದು ಎಲ್ಲರ ಹತ್ತಿರವೂ ಇರುತ್ತದೆ, ಕುತ್ತಿಗೆಯ ಹಿಂಭಾಗ, ಪಾದದಡಿ, ಡಬ್ಬಿಯ ಕೆಳಬದಿ, ಈ ಮೂರು ಕಳಿಸಿ ಎಂದು. ಕಳಿಸಿದರೆ ಮುಂದಿನ ಮಾತು. ಬಂದ ಮೇಲೆ ಡಬ್ಬಿ ಬಿಚ್ಚುವುದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ವಾಪಸು ಮಾಡುವಾಗ ಬೇಕಾಗುತ್ತದೆ. ಡಬ್ಬಿಯನ್ನಾಗಲಿ ಒಳಗಿನ ತಂತಿ ಕಟ್ಟುಗಳನ್ನಾಗಲಿ ಎಸೆಯಬೇಡಿ, ನಾಳೆ ಮಾರುವ ದಿನ ಬಂದರೆ ಅರ್ಧ ಬೆಲೆ ಅದಕ್ಕೇ. ನಿಮ್ಮ ಕಡೆ, ಅದರಲ್ಲೂ ಜಾಂಬೋಟಿ–ಕಣಕುಂಬಿ ದಿಕ್ಕಿನಲ್ಲಿ, ಮಳೆಗಾಲದ ತೇವಕ್ಕೆ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಗೊಂಬೆಯ ಡಂಗ್ರಿಯನ್ನು ಬಿಟ್ಟೀತೆ? ಗೊಂಬೆಯ ಪಕ್ಕದಲ್ಲಿ ಸಿಲಿಕಾ ಜೆಲ್‌ನ ನಾಲ್ಕು ಪೊಟ್ಟಣ ಇಡಲು ಹೇಳಿ. ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಲಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತದಿರಲಿ. ಧೂಳು ಕೂತರೆ ಮೆತ್ತನೆ ಬ್ರಷ್ಷು, ಹೆಚ್ಚೆಂದರೆ ಸೋಪು ನೀರು. ನೇಲ್ ಪಾಲಿಶ್ ತೆಗೆಯುವ ದ್ರವವನ್ನು ಹತ್ತಿರಕ್ಕೂ ತರಬಾರದು. ಮೊದಲು ಕರಗಿ ಹೋಗುವುದು ಕಣ್ಣಿನ ಬಣ್ಣವೇ.