ಮೇಷ್ಟ್ರಿಂದ ಬಂದ ಕಿವಿ

ಚರ್ಚಿನಲ್ಲಿ ಹಾರ್ಮೋನಿಯಂ ಮುಂದೆ ಕೂರುವ ಹುಡುಗನಿಗೆ ಮೇಷ್ಟ್ರಿಂದ ದಕ್ಕುವ ದೊಡ್ಡ ಆಸ್ತಿ ಹಾಡುಗಳದ್ದಲ್ಲ, ಕಿವಿಯದು. ವರ್ಷಗಳ ವಾದನ ನನಗೆ ಕಲಿಸಿದ್ದು ಇದನ್ನೇ. ಹಾಡು ಪುಸ್ತಕದಲ್ಲಿ ಸಿಗುತ್ತದೆ, ಸ್ವರಗಳನ್ನು ಯಾರಾದರೂ ಬರೆದುಕೊಡುತ್ತಾರೆ. ಆದರೆ ಕರಿ ಮೂರರ ಶ್ರುತಿಯಲ್ಲಿ ಎತ್ತಿದ ಕೀರ್ತನೆಗೆ ಹಿಂದಿನ ಸಾಲಿನ ಅಜ್ಜಿಯರು ಪಲ್ಲವಿ ಮುಗಿಯುವ ಮುನ್ನವೇ ಸುಮ್ಮನಾಗುತ್ತಾರೆ, ಬಿಳಿ ಎರಡಕ್ಕೆ ಇಳಿಸಿದರೆ ಕೊನೆಯವರೆಗೂ ದನಿಗೂಡಿಸುತ್ತಾರೆ ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡದು. ಪಕ್ಕದಲ್ಲಿ ಕೂತವರು ಭಾನುವಾರದ ಮೇಲೆ ಭಾನುವಾರ ತಿದ್ದಬೇಕು.

ಈ ಕಿವಿ ಜರ್ಮನ್ ಸಂಗೀತಕಾರ ಬಾಖ್‌ನಂಥವನಿಗೂ ಒಮ್ಮೆಲೇ ಬರಲಿಲ್ಲ. 1705ರಲ್ಲಿ ಆರ್ನ್‌ಸ್ಟಾಟ್ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಇಪ್ಪತ್ತರ ಆ ತರುಣ ನಾಲ್ಕು ವಾರ ರಜೆ ಪಡೆದು, ಸುಮಾರು 400 ಕಿಲೋಮೀಟರ್ ದೂರದ ಲ್ಯೂಬೆಕ್‌ಗೆ ಅಲ್ಲಿನ ಆರ್ಗನ್ ವಾದಕ ಬುಕ್ಸ್ಟೆಹೂಡನ ವಾದನ ಕೇಳಲು ಹೋದ. ಮರಳಿದ್ದು ಸುಮಾರು ನಾಲ್ಕು ತಿಂಗಳ ಮೇಲೆ. 1706ರ ಫೆಬ್ರವರಿಯಲ್ಲಿ ಚರ್ಚಿನ ಆಡಳಿತ ಅವನನ್ನು ಕರೆಸಿ, ರಜೆಯ ಲೆಕ್ಕ ಕೇಳಿದ್ದಲ್ಲದೆ, ಕೀರ್ತನೆಗಳಲ್ಲಿ ಹೊಂದದ ಸ್ವರ ಬೆರೆಸಿ ಸಭೆಯನ್ನು ಗಲಿಬಿಲಿಗೊಳಿಸುತ್ತಾನೆಂದೂ ದೂರಿತು. ಆ ದೂರಿನಲ್ಲಿ ಹುರುಳಿತ್ತು ಎಂದೇ ನನ್ನ ಅನಿಸಿಕೆ. ಗುರುವಿನ ಬೆಡಗು ಮೊದಲು ಬೆರಳಿಗೆ ಇಳಿಯುತ್ತದೆ. ಕಿವಿಗೆ ಇಳಿಯಲು ಹೊತ್ತು ಬೇಕು. ಮುಂದೆ ಅದೇ ಬಾಖ್ ನಾಲ್ಕು ದನಿಗಳಿಗೆ ಹೊಂದಿಸಿದ ಕೀರ್ತನೆಗಳಲ್ಲಿ ಸಭೆ ಬಲ್ಲ ಮಟ್ಟು ಮೇಲಿನ ದನಿಯಲ್ಲಿ ನಿಚ್ಚಳವಾಗಿ ನಿಂತಿದೆ, ಕಸುಬಿನ ಕೈಚಳಕವೆಲ್ಲ ಅದರ ಕೆಳಗೆ. ಕನ್ನಡದ ಚರ್ಚಿಗೆ ಇನ್ನೂ ಒಂದು ತೊಡಕುಂಟು: ಹೊರಗಿನ ಮಟ್ಟಿಗೆ ನಮ್ಮ ಪದ ಕೂರಿಸಿದರೆ ಲಘು ಅಕ್ಷರವನ್ನು ಎಳೆಯಬೇಕಾಗುತ್ತದೆ, ಗುರು ಅಕ್ಷರವನ್ನು ಕತ್ತರಿಸಬೇಕಾಗುತ್ತದೆ. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಕ್ಕೆ ತಂದ ಮಿಷನರಿ ಕಿಟ್ಟೆಲ್, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಹಾಡು ಕಟ್ಟುವವರಿಗೆ ಬೇಕಾದ ಆ ಮಾತ್ರೆಯ ಲೆಕ್ಕ ಹಾಡಿಸುವವರಿಗೂ ಬೇಕು.

ಹೀಗೆ ತಿದ್ದಿಸಿಕೊಂಡವನು ಮೇಷ್ಟ್ರ ಪಡಿಯಚ್ಚಾಗಿಬಿಡುತ್ತಾನಲ್ಲ ಎಂಬ ಆಕ್ಷೇಪವನ್ನು ನಮ್ಮ ಬಸ್ತಿಹಳ್ಳಿಯಲ್ಲಿ ಕೂತು ನಾನು ಒಪ್ಪಲಾರೆ. ಹತ್ತಿರದ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಮಗ ಚಾವಣನೂ ಕಡೆದ ಮದನಿಕೆಗಳಿವೆ. ದಾಸೋಜನ ಮಗನೆಂದು ಹೇಳಿಕೊಂಡ ಚಾವಣ ತನ್ನ ಹೆಸರನ್ನೂ ಕಲ್ಲಿನಲ್ಲಿ ಬಿಟ್ಟಿದ್ದಾನೆ. ಮೊಬೈಲಿನಲ್ಲೇ ಎಲ್ಲ ಕಲಿಯಬಹುದಲ್ಲ ಎನ್ನುವವರ ಮಾತು ಇದಕ್ಕಿಂತ ಗಟ್ಟಿ. ಮೇಷ್ಟ್ರೇ ಸಿಗದ ಹಳ್ಳಿಯ ಹುಡುಗನಿಗೆ ಅದು ನಿಜಕ್ಕೂ ವರ, ಬೆರಳಿನ ಅಭ್ಯಾಸಕ್ಕೆ ಸಾಕು ಕೂಡ. ಆದರೆ ಆ ವೀಡಿಯೋ ನಮ್ಮ ಸಭೆಯನ್ನು ಕೇಳಿಸಿಕೊಂಡಿಲ್ಲ. ಕೀಬೋರ್ಡಿನಲ್ಲಿ ಹಾಕಿಟ್ಟ ತಾಳ ಯಾರಿಗಾಗಿಯೂ ಕಾಯುವುದಿಲ್ಲ. ಸಾವಿನ ಮನೆಯ ಪ್ರಾರ್ಥನೆಯಲ್ಲಿ ಗಂಟಲು ಕಟ್ಟಿದವರಿಗಾಗಿ ಒಂದು ಆವರ್ತ ತಡೆಯಬೇಕೆಂದು, ಕೊನೆಯ ಚರಣದಲ್ಲಿ ತಿದಿಯಿಂದ ಕೈ ತೆಗೆದು ಜನರ ದನಿಯನ್ನಷ್ಟೇ ಉಳಿಸಬೇಕೆಂದು ಹೇಳಲು ಅದೇ ಸಭೆಯಲ್ಲಿ ಕೂತು ಮಾಗಿದ ಒಬ್ಬರು ಬೇಕು.