ಅಪ್ಪನಿಗೆ ಒಂದೇ ದ್ವೀಪ ತೋರಿಸಿ, ಸಾವಧಾನವಾಗಿ ತೋರಿಸಿ

ಪ್ರಶ್ನೆ: ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿ ದುಡಿದವರು. ಗಣಿ ದೂಳಿನಿಂದ ಶ್ವಾಸಕೋಶ ಸೋತಿದೆ. ಡಿಸೆಂಬರ್‌ನಲ್ಲಿ ಮಲ್ಪೆ, ಮುರ್ಡೇಶ್ವರ, ಕಾರವಾರದ ದ್ವೀಪಗಳನ್ನೆಲ್ಲ ತೋರಿಸಬಹುದೇ?
–ಓದುಗ, ಬಂಗಾರಪೇಟೆ

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಆದರೆ ಎಲ್ಲ ದ್ವೀಪಗಳ ಆಸೆ ಬಿಡಿ. ಮುರ್ಡೇಶ್ವರದಾಚೆಯ ನೇತ್ರಾಣಿ ಇರುವುದೇ ಸ್ಕೂಬಾ ಡೈವಿಂಗ್ ಮಾಡುವವರಿಗೆ. ಶ್ವಾಸಕೋಶದ ತೊಂದರೆ ಇದ್ದವರು ಅಲ್ಲಿ ನೀರಿಗಿಳಿಯಲೇಬಾರದು. ಸುಮ್ಮನೆ ದೋಣಿಯಲ್ಲಿ ಕೂತಿರುತ್ತಾರೆ ಅಂದರೂ ತೆರೆದ ಕಡಲಿನ ಕುಲುಕಾಟ ಅವರಿಗೆ ಬೇಡ.

ಮಲ್ಪೆಯ ಸೇಂಟ್ ಮೇರಿಸ್ ದ್ವೀಪವೊಂದೇ ಸಾಕು. ಗಣಿಯವರ ಕಣ್ಣಿಗೆ ಅದು ಹಬ್ಬ. ಲಾವಾ ತಣಿಯುತ್ತಾ ಕುಗ್ಗಿ, ಬಿರುಕು ಬಿಟ್ಟು ಎದ್ದುನಿಂತ ಕಲ್ಲುಕಂಬಗಳು. ಹಲವಕ್ಕೆ ಆರು ಮೂಲೆ. ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಈ ದ್ವೀಪದಂತೆಯೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೊಂದು ನಿಮ್ಮ ಕೆಜಿಎಫ್ ಕಡೆಯ ಪೆದ್ದಪಲ್ಲಿಯ ಬಳಿಯೂ ಇದೆಯಲ್ಲ, ಅಲ್ಲಿನ ಲಾವಾ 250 ಕೋಟಿ ವರ್ಷಕ್ಕೂ ಹಿಂದಿನದು! ಹೊರಡುವ ಮುಂಚೆ ಅದನ್ನೂ ನೋಡಿ. ಕಲ್ಲಿನ ವಿಷಯ ಅಪ್ಪನೇ ಮೊಮ್ಮಕ್ಕಳಿಗೆ ಹೇಳಲಿ, ನೀವು ಕೇಳಿಸಿಕೊಳ್ಳಿ.

ಬೆಂಗಳೂರಿನಲ್ಲಿ ಕೊಂಚ ವಿಶ್ರಾಂತಿ ಪಡೆದು ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಉಡುಪಿ. ಅಪ್ಪನಿಗೆ ಕೆಳಗಿನ ಬರ್ತ್ ಕೇಳಿ. ಒಂದು ದಿನ ಸುಧಾರಿಸಿಕೊಂಡು, ಮಾರನೇ ದಿನ ಮಲ್ಪೆಯಿಂದ ಬೆಳಗಿನ ಮೊದಲ ದೋಣಿಗೇ ಹೋಗಿ, ಬಿಸಿಲೇರುವ ಮುನ್ನ ಮರಳಿ. ದೋಣಿ ಹತ್ತಿಳಿಯುವಾಗ ಇಬ್ಬರು ಕೈ ಹಿಡಿಯಿರಿ. ಇನ್‌ಹೇಲರ್ ಬ್ಯಾಗಿನ ತಳದಲ್ಲಿ ಬೇಡ, ಅವರ ಅಂಗಿ ಜೇಬಿನಲ್ಲೇ ಇರಲಿ.

ಟಿಕೆಟ್ ಮಾಡಿಸುವ ಮೊದಲು ಮಾತ್ರ ಶ್ವಾಸಕೋಶದ ವೈದ್ಯರಿಗೆ ತೋರಿಸಿ, ಅವರು ಬೇಡವೆಂದರೆ ದಯವಿಟ್ಟು ಹಟ ಮಾಡಬೇಡಿ.